ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗರವರ ಜೀವಚರಿತ್ರೆ

ದೇವರು ಮನುಷ್ಯರಿಗೆ ಹಂಚಿಕೊಟ್ಟಿರುವ ವರಗಳು ನಾನಾ ವಿಧವಾಗಿವೆ. ಒಬ್ಬನಿಗೆ ಉಪದೇಶಿಸುವ ವರವೂ, ಮತ್ತೊಬ್ಬನಿಗೆ ಸಂತೈಸುವ ವರವೂ, ಇನ್ನೊಬ್ಬನಿಗೆ ರೋಗಿಗಳನ್ನು ವಾಸಿಮಾಡುವ ವರವೂ ದೊರೆತಿರುತ್ತದೆ. ನಾವು ಈ ಪುಟಗಳಲ್ಲಿ ಹೆಚ್ಚಾಗಿ ಸುವಾರ್ತೆಯ ಸೇವಕರ ಚರಿತ್ರೆಗಳನ್ನು ಬರೆಯುತ್ತೇವೆ. ಈ ಸಾರಿ ಒಬ್ಬ ಶಸ್ತ್ರವೈದ್ಯರ ಚರಿತ್ರೆಯನ್ನು ಬರೆಯುತ್ತೇವೆ. ಇವರು ಪಾದ್ರಿಯೂ ಅಲ್ಲ, ಮಿಶನರಿಯೂ ಅಲ್ಲ. ಆದಾಗ್ಯೂ ಇವರ ಕೆಲಸದ ಫಲವು ನಮ್ಮ ಹಳ್ಳಿಗಳ ವರೆಗೂ ಬಂದು ಮುಟ್ಟಿದೆ.

ಮಾವಳ್ಳಿ, ಭಟ್ಕಳ, ಹೊನ್ನಾವರ, ಕುಮಟೆ ಈ ಕಡಲತೀರದ ಜನರಲ್ಲಿ ಅನೇಕರು ತೆಂಗು ಅಡಿಕೆಯ ಮರಗಳನ್ನು ಹತ್ತಿ, ದೋಣಿಯಲ್ಲಿ ಕಡಲಿಗೆ ಹೋಗಿ, ಹೆದ್ದಾರಿಯ ಬದಿಯಲ್ಲಿ ನಡೆದು ದಿನಗಳೆಯುವವರು. ಮರದಿಂದ ಬಿದ್ದೋ ವಾಹನಕ್ಕೆ ಸಿಕ್ಕಿಯೋ ಒಬ್ಬನ ತಲೆಗೆ ಪೆಟ್ಟಾದರೆ, ಮನೆಯವರು ವೈದ್ಯರನ್ನು ಮೊದಲು ಬೇಡುವದು ಏನು? ನರಕ್ಕೆ ಒಂದು ಬಾಟಲಿ ಗ್ಲೂಕೋಸ್ ಏರಿಸಬೇಕೆಂದೇ. ಆ ಬೇಡಿಕೆ ಪ್ರೀತಿಯಿಂದ ಹುಟ್ಟಿದ್ದು, ಸಂದೇಹವಿಲ್ಲ. ಆದರೆ ಪ್ರೀತಿಗೆ ಅಳತೆ ತಿಳಿಯದಿದ್ದರೆ ಅದು ಪ್ರಾಣಕ್ಕೆ ಕುತ್ತಾಗಬಹುದು. ಗಾಯಗೊಂಡ ಮಿದುಳು ಎಷ್ಟು ನೀರನ್ನು, ಎಂಥ ನೀರನ್ನು ತಾಳಿಕೊಳ್ಳುತ್ತದೆಂಬದನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಮೊದಲಿಗರ ಸಾಲಿನಲ್ಲಿ ನಿಂತವರೇ ವೈದ್ಯ ಹಾರ್ವೆ ಕುಶಿಂಗರು.

ಇವರು 1869ನೇ ಇಸವಿ ಎಪ್ರಿಲ್ 8ರಂದು ಅಮೇರಿಕ ದೇಶದ ಒಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಹೆನ್ರಿ ಕರ್ಕ್ ಕುಶಿಂಗ್, ತಾಯಿ ಬೆಟ್ಸಿ. ಹತ್ತು ಮಂದಿ ಮಕ್ಕಳಲ್ಲಿ ಇವರೇ ಕಡೆಯವರು. ತಂದೆಯೂ ಅಜ್ಜನೂ ಮುತ್ತಜ್ಜನೂ ವೈದ್ಯರಾಗಿದ್ದುದರಿಂದ ರೋಗಿಗಳ ಸೇವೆಯು ಆ ಮನೆತನದ ಕಸುಬಾಗಿತ್ತು. ಹಾರ್ವೆಯವರು ಯೇಲ್ ಎಂಬ ಪ್ರಸಿದ್ಧ ವಿದ್ಯಾಲಯದಲ್ಲಿ 1891ರಲ್ಲಿ ವಿದ್ಯೆಯನ್ನು ಮುಗಿಸಿ, ಬಾಸ್ಟನ್ ಪಟ್ಟಣಕ್ಕೆ ಹೋಗಿ ಹಾರ್ವರ್ಡ್ ವೈದ್ಯಶಾಲೆಯನ್ನು ಸೇರಿದರು.

ಅಲ್ಲಿ ವಿದ್ಯಾರ್ಥಿಯಾಗಿರುವಾಗಲೇ ಇವರ ಮನಸ್ಸನ್ನು ಬಹಳವಾಗಿ ನೋಯಿಸಿದ ಒಂದು ಸಂಗತಿ ನಡೆಯಿತು. ಆ ಕಾಲದಲ್ಲಿ ಶಸ್ತ್ರಕ್ರಿಯೆಗೆ ಮುಂಚೆ ರೋಗಿಗೆ ಈಥರ್ ಎಂಬ ಔಷಧದ ಹಬೆಯನ್ನು ಮೂಗಿಗೆ ಹಿಡಿದು ಪ್ರಜ್ಞೆ ತಪ್ಪಿಸುವ ಕೆಲಸವನ್ನು ಎಳೆಯ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ಅದಕ್ಕೆ ಬೇಕಾದ ತರಬೇತಿಯೇ ಅವರಿಗೆ ಇರಲಿಲ್ಲ. ಹೀಗೆ ಒಂದು ದಿನ ಕುಶಿಂಗರು ಈಥರ್ ಕೊಡುತ್ತಿರಲಾಗಿ ಆ ರೋಗಿಯು ತೀರಿಕೊಂಡನು. ಇಂಥ ಮರಣಗಳು ಆಗಾಗ್ಗೆ ಆಗುತ್ತಿದ್ದುದರಿಂದ ಹಿರಿಯರು ಅದನ್ನು ದೊಡ್ಡ ವಿಷಯವಾಗಿ ಎಣಿಸಲಿಲ್ಲ. ಕುಶಿಂಗರಾದರೋ ವೈದ್ಯ ವಿದ್ಯೆಯನ್ನೇ ಬಿಟ್ಟುಬಿಡಬೇಕೆಂದು ಯೋಚಿಸುವಷ್ಟು ದುಃಖಪಟ್ಟರು.

ದುಃಖವು ಒಬ್ಬನನ್ನು ಮುರಿಯುತ್ತದೆ, ಇನ್ನೊಬ್ಬನನ್ನು ತಿದ್ದುತ್ತದೆ. ಕುಶಿಂಗರು ವಿದ್ಯೆಯನ್ನು ಬಿಡಲಿಲ್ಲ. ಎರ್ನೆಸ್ಟ್ ಆಮೊರಿ ಕಾಡ್‌ಮನ್ ಎಂಬ ತಮ್ಮ ಸಹಪಾಠಿಯೊಂದಿಗೆ ಸೇರಿ 1894ರಲ್ಲಿ ಒಂದು ಹೊಸ ಪದ್ಧತಿಯನ್ನು ಆರಂಭಿಸಿದರು. ಈಥರ್ ಕೊಡುವಾಗ ರೋಗಿಯ ನಾಡಿ ಎಷ್ಟು ಸಾರಿ ಬಡಿಯಿತು, ಉಸಿರು ಎಷ್ಟು ಸಾರಿ ಆಡಿತು ಎಂಬದನ್ನು ಕೆಲವು ನಿಮಿಷಕ್ಕೊಮ್ಮೆ ಎಣಿಸಿ ಒಂದು ಕಾಗದದಲ್ಲಿ ಗುರುತುಹಾಕಿದರು. ಇಂದು ಲೋಕದ ಎಲ್ಲಾ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ಕಾಲದಲ್ಲಿ ಬರೆಯುವ ಪಟ್ಟಿಗೆ ಆ ಕಾಗದವೇ ಮೂಲ. ರೋಗಿಯು ಮೇಜಿನ ಮೇಲೆ ಮಾತಿಲ್ಲದೆ ಬಿದ್ದಿರುತ್ತಾನೆ, ತನ್ನ ಸಂಕಟವನ್ನು ಹೇಳಲಾರನು. ಅವನ ಬದಲಾಗಿ ಆ ಅಂಕೆಗಳು ಮಾತಾಡಬೇಕು. ಕುಶಿಂಗರ ಮುಂದಿನ ಜೀವಮಾನದ ಕೆಲಸಗಳಲ್ಲೆಲ್ಲಾ ಈ ಎಚ್ಚರವೇ ಕಾಣುತ್ತದೆ.

1895ರಲ್ಲಿ ವೈದ್ಯರಾಗಿ ಹೊರಬಂದು, ಮರುವರುಷ ಬಾಲ್ಟಿಮೋರ್ ಪಟ್ಟಣದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಅವಸರಪಡದೆ, ಮಾಂಸವನ್ನು ಹರಿಯದೆ, ರಕ್ತವನ್ನು ಸುರಿಸದೆ ಕೆಲಸಮಾಡುವ ರೀತಿಯನ್ನು ಇವರಿಗೆ ಕಲಿಸಿದರು. 1900ರಲ್ಲಿ ಕುಶಿಂಗರು ಯೂರೋಪಿಗೆ ಪ್ರಯಾಣಮಾಡಿ ಸ್ವಿಟ್ಜರ್ಲೆಂಡಿನ ಬೆರ್ನ್ ಪಟ್ಟಣದಲ್ಲಿ ಥಿಯೋಡೋರ್ ಕೋಖರರ ಬಳಿ ಕೆಲಸಕ್ಕೆ ನಿಂತರು. ನಮ್ಮ ಕನ್ನಡ ಸೀಮೆಗೆ ಬಾಸೆಲ್ ಮಿಶನನ್ನು ಕಳುಹಿಸಿದ ದೇಶವೇ ಅದು. ಕೋಖರರು ಮೊರೇವಿಯನ್ ಸಭೆಗೆ ಸೇರಿದ ಭಕ್ತಿವಂತರು. 1909ರಲ್ಲಿ ನೊಬೆಲ್ ಬಹುಮಾನವನ್ನು ಹೊಂದಿದವರು.

ಕೋಖರರು ಈ ಎಳೆಯ ವೈದ್ಯರಿಗೆ ಒಂದು ಪ್ರಶ್ನೆಯನ್ನು ಕೊಟ್ಟರು: ತಲೆಬುರುಡೆಯ ಒಳಗೆ ಒತ್ತಡವು ಹೆಚ್ಚಿದರೆ ಶರೀರವು ಏನು ಮಾಡುತ್ತದೆ? ತಲೆಬುರುಡೆಯು ಮುಚ್ಚಿದ ಭರಣಿಯಂತಿದೆ. ಅದರೊಳಗೆ ಮಿದುಳು, ರಕ್ತ, ಮಿದುಳನ್ನು ಸುತ್ತಿಕೊಂಡಿರುವ ಸುಮಾರು 150 ಮಿಲಿಲೀಟರ್ ತಿಳಿನೀರು, ಇವು ಮೂರೇ ಇವೆ. ಭರಣಿಯ ಗೋಡೆ ಎಲುಬಾದುದರಿಂದ ಅದು ಹಿಗ್ಗಲಾರದು. ಒಂದು ಹೆಚ್ಚಿದರೆ ಮತ್ತೊಂದಕ್ಕೆ ಸ್ಥಳವಿಲ್ಲದೆ ಹೋಗುತ್ತದೆ. ಕುಶಿಂಗರು ಪ್ರಜ್ಞೆ ತಪ್ಪಿಸಿದ ನಾಯಿಗಳ ಬುರುಡೆಯಲ್ಲಿ ಗಾಜಿನ ಕಿಂಡಿಯನ್ನು ಕೂಡಿಸಿ, ನಳಿಗೆಯಿಂದ ಉಪ್ಪುನೀರನ್ನು ಒಳಗೆ ಬಿಟ್ಟು ಒತ್ತಡವನ್ನು ಏರಿಸುತ್ತಾ ನೋಡಿದರು. ಒಳಗಿನ ಒತ್ತಡವು ಏರಿದಂತೆಲ್ಲಾ ಮಿದುಳಿಗೆ ರಕ್ತವನ್ನು ಮುಟ್ಟಿಸುವದಕ್ಕೋಸ್ಕರ ರಕ್ತದೊತ್ತಡವು ಅದಕ್ಕಿಂತಲೂ ಮೇಲೆ ಏರಿತು, ನಾಡಿಯು ನಿಧಾನವಾಯಿತು. ಮುಳುಗುವವನು ತಲೆಯನ್ನು ನೀರಿನ ಮೇಲೆ ಎತ್ತುವಂತೆ ಶರೀರವು ಹೋರಾಡಿತು. ಆ ಹೋರಾಟದ ಶಕ್ತಿ ಮುಗಿದಾಗ ಪ್ರಾಣವು ಹೋಯಿತು. ಇಂದಿಗೂ ವೈದ್ಯರು ಈ ಗುರುತನ್ನು ಕುಶಿಂಗರ ಹೆಸರಿನಿಂದಲೇ ಕರೆಯುತ್ತಾರೆ. ತಲೆಗೆ ಪೆಟ್ಟಾದವನ ನಾಡಿಯು ನಿಧಾನವಾಗಿ, ರಕ್ತದೊತ್ತಡವು ಏರಿತೆಂದರೆ ಅಪಾಯವು ಬಾಗಿಲಲ್ಲಿದೆಯೆಂದು ತಿಳಿದುಕೊಳ್ಳುತ್ತಾರೆ.

ಅದೇ ಕಾಲದಲ್ಲಿ ಇವರು ಉಪ್ಪುನೀರನ್ನೂ ಪರೀಕ್ಷಿಸಿದರು. ನರಕ್ಕೆ ಉಪ್ಪುನೀರನ್ನು ಏರಿಸುವ ಉಪಾಯವು ಹೊಸದೇನೂ ಅಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟಾ ಎಂಬ ವೈದ್ಯರು ವಾಂತಿಭೇದಿಯಿಂದ ಒಣಗಿಹೋದ ರೋಗಿಗಳಿಗೆ ಅದನ್ನು ಏರಿಸಿ ಕೆಲವರನ್ನು ಬದುಕಿಸಿದ್ದರು. ಆದರೆ ಬರಿಯ ಉಪ್ಪನ್ನು ಕರಗಿಸಿದ ನೀರು ನರಕ್ಕೂ ಸ್ನಾಯುವಿಗೂ ಹಾನಿಮಾಡುತ್ತದೆಂದೂ, ಲಂಡನಿನ ಸಿಡ್ನಿ ರಿಂಗರರು ಕಂಡುಹಿಡಿದಂತೆ ಅದಕ್ಕೆ ಬೇರೆ ಲವಣಗಳನ್ನು ಸ್ವಲ್ಪ ಸ್ವಲ್ಪ ಕೂಡಿಸಿದರೆ ಆ ದೋಷವು ತಪ್ಪುತ್ತದೆಂದೂ ಕುಶಿಂಗರು 1901ರಲ್ಲಿ ಪ್ರಕಟಿಸಿದರು. ನೀರೆಂದರೆ ಎಲ್ಲವೂ ಒಂದೇ ನೀರಲ್ಲವೆಂಬದು ಇವರಿಗೆ ಆಗಲೇ ತಿಳಿದಿತ್ತು.

ಆ ಪ್ರಯಾಣದಲ್ಲಿಯೇ ಇಟಲಿಯ ಪಾವಿಯಾ ಪಟ್ಟಣಕ್ಕೆ ಹೋದಾಗ, ತೋಳಿಗೆ ಪಟ್ಟಿಯನ್ನು ಸುತ್ತಿ ರಕ್ತದೊತ್ತಡವನ್ನು ಅಳೆಯುವ ರೀವಾ ರೋಚಿ ಎಂಬವರ ಯಂತ್ರವನ್ನು ಕಂಡು, ಅದರ ಮಾದರಿಯನ್ನು ತಮ್ಮ ದೇಶಕ್ಕೆ ತಂದರು. ನಾಡಿಯ ಮೇಲೆ ಬೆರಳಿಟ್ಟರೆ ಸಾಕು, ಯಂತ್ರವೇಕೆಂದು ಬಾಸ್ಟನ್ನಿನ ಹಿರಿಯ ವೈದ್ಯರು ಅದನ್ನು ಅಲ್ಲಗಳೆದರು. ಕುಶಿಂಗರು ವಾದಕ್ಕೆ ನಿಲ್ಲದೆ ದಿನದಿನವೂ ಅಳೆಯುತ್ತಾ ಬರೆಯುತ್ತಾ ಹೋದರು. ಇಂದು ಆ ಪಟ್ಟಿಯು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಇದೆ.

1902ರಲ್ಲಿ ಕ್ಯಾಥರಿನ್ ಕ್ರೋವೆಲ್ ಎಂಬವರನ್ನು ಮದುವೆಯಾದರು. ಇವರಿಗೆ ಐದು ಮಂದಿ ಮಕ್ಕಳಾದರು. ಈ ವರುಷಗಳಲ್ಲಿಯೇ ಕುಶಿಂಗರು ಮಿದುಳಿನ ಶಸ್ತ್ರವಿದ್ಯೆಯನ್ನು ತಮ್ಮ ಜೀವಮಾನದ ಕೆಲಸವಾಗಿ ಆರಿಸಿಕೊಂಡರು. ಆಗ ತಲೆಬುರುಡೆಯನ್ನು ತೆರೆಯುವದೆಂದರೆ ಹೆಚ್ಚು ಕಡಿಮೆ ಮರಣದಂಡನೆಯೇ. ರಕ್ತವು ಸುರಿದು ಕೆಲವರು ಸಾಯುವರು. ಬುರುಡೆ ತೆರೆದೊಡನೆ ಉಬ್ಬಿದ ಮಿದುಳು ಹೊರಗೆ ನುಗ್ಗಿ ಕೆಲವರು ಸಾಯುವರು. ಕುಶಿಂಗರು ಒಂದೊಂದು ಶತ್ರುವನ್ನು ಒಂದೊಂದಾಗಿ ಎದುರಿಸಿದರು. ಕೈಗೆ ಸಿಕ್ಕದ ಸೂಕ್ಷ್ಮ ರಕ್ತನಾಳಗಳನ್ನು ಹಿಡಿದು ಮುಚ್ಚುವ ಬೆಳ್ಳಿಯ ಚಿಕ್ಕ ಕೊಂಡಿಗಳನ್ನು 1911ರಲ್ಲಿ ತಿಳಿಸಿಕೊಟ್ಟರು. ರೋಗಿಯು ಬಳಲಿದನೆಂದು ಕಂಡರೆ ಗಾಯವನ್ನು ಮುಚ್ಚಿ, ಉಳಿದ ಕೆಲಸವನ್ನು ಬೇರೊಂದು ದಿನಕ್ಕೆ ಇಡುವರು. ಕೆಲಸ ಮುಗಿಸಬೇಕೆಂಬ ಹಟಕ್ಕಿಂತ ರೋಗಿಯ ಪ್ರಾಣವೇ ದೊಡ್ಡದು.

ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಚಿಕ್ಕದಾದ ಪಿಟ್ಯುಟರಿ ಎಂಬ ಗ್ರಂಥಿಯುಂಟು. ಇದರ ವಿಷಯವಾಗಿ ಇವರು 1912ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಶರೀರದ ನೀರನ್ನು ಕಾಯುವ ಕಾವಲುಗಾರನು ಈ ಗ್ರಂಥಿಯಲ್ಲಿದ್ದಾನೆ. ಇದಕ್ಕೆ ಪೆಟ್ಟಾದರೆ ರೋಗಿಗೆ ಕೊಡಗಟ್ಟಲೆ ಮೂತ್ರಹೋಗಿ, ತೀರದ ಬಾಯಾರಿಕೆಯಾಗುತ್ತದೆ. ಆದಕಾರಣ ಮಿದುಳಿನ ರೋಗಿಯ ಒಳಗೆ ಹೋದ ನೀರನ್ನೂ ಹೊರಗೆ ಬಂದ ನೀರನ್ನೂ ಅಳೆದು ಲೆಕ್ಕವಿಡುವದು ಶಸ್ತ್ರದಷ್ಟೇ ಮುಖ್ಯವಾಯಿತು.

ಅದೇ 1912ರಲ್ಲಿ ಕುಶಿಂಗರು ಬಾಸ್ಟನ್ನಿಗೆ ಬಂದು ಹಾರ್ವರ್ಡ್ ವಿದ್ಯಾಲಯದಲ್ಲಿ ಅಧ್ಯಾಪಕರೂ, ಅಲ್ಲಿಯ ಹೊಸ ಬ್ರಿಗ್‌ಹ್ಯಾಮ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರೂ ಆದರು. ಎರಡು ವರುಷಗಳೊಳಗೆ ಮಹಾಯುದ್ಧವು ಆರಂಭವಾಯಿತು. 1917ರಲ್ಲಿ ಇವರು ಬೆಲ್ಜಿಯಂ ದೇಶದ ಯುದ್ಧಭೂಮಿಯ ಹತ್ತಿರ ಹಗಲಿರುಳು ಕೆಲಸಮಾಡಿದರು. ಗುಂಡಿನ ಚೂರು ಹೊಕ್ಕ ಗಾಯವನ್ನು ಬೆರಳಿನಿಂದ ತಡಕದೆ, ಮೆತ್ತಗಿನ ರಬ್ಬರ್ ನಳಿಗೆಯಿಂದ ಉಪ್ಪುನೀರನ್ನು ಬಿಟ್ಟು, ಕೆಟ್ಟ ಭಾಗವನ್ನು ಮೆಲ್ಲಗೆ ಹೀರಿ ತೆಗೆದರು. ಮಿದುಳಿಗೆ ಗಾಯವಾದ ಸಿಪಾಯಿಗಳಲ್ಲಿ ನೂರಕ್ಕೆ ಸುಮಾರು 54 ಮಂದಿ ಸಾಯುತ್ತಿದ್ದದ್ದು ಮೂರು ತಿಂಗಳೊಳಗೆ ಸುಮಾರು 29ಕ್ಕೆ ಇಳಿಯಿತು. ಆ ಆಗಸ್ಟ್ ತಿಂಗಳ ಕಡೆಯಲ್ಲಿ ಇವರ ಗುರುವೂ ಮಿತ್ರರೂ ಆದ ವಿಲಿಯಂ ಆಸ್ಲರರ ಏಕಪುತ್ರನು ಗಾಯಗೊಂಡನೆಂಬ ಸುದ್ದಿ ಬಂದಾಗ, ಕುಶಿಂಗರು ರಾತ್ರಿಯಲ್ಲಿಯೇ ಓಡಿ ಹೋದರು. ರಕ್ತವನ್ನು ಕೊಟ್ಟು, ಶಸ್ತ್ರವನ್ನು ಹಿಡಿದು, ವೈದ್ಯರು ಮಾಡಬಹುದಾದದ್ದನ್ನೆಲ್ಲಾ ಮಾಡಿದರೂ ಹುಡುಗನು ಬೆಳಗಾಗುವಾಗ ತೀರಿಕೊಂಡನು. ಜೀವವು ಮನುಷ್ಯನ ಕೈಯಲ್ಲಿಲ್ಲವೆಂಬ ಪಾಠವನ್ನು ಎಷ್ಟು ದೊಡ್ಡ ವೈದ್ಯನಾದರೂ ಕಲಿಯಲೇಬೇಕು.

ಈಗ ನಮ್ಮ ವಿಷಯದ ಮುಖ್ಯ ಭಾಗಕ್ಕೆ ಬರುತ್ತೇವೆ. 1919ರಲ್ಲಿ, ಮುಂಚೆ ಕುಶಿಂಗರ ಸಂಗಡ ಕೆಲಸಮಾಡಿದ್ದ ಲೂಯಿಸ್ ವೀಡ್ ಎಂಬವರೂ ಮೆಕ್‌ಕಿಬೆನ್ ಎಂಬವರೂ ಬಾಲ್ಟಿಮೋರಿನಲ್ಲಿ ಬೆಕ್ಕುಗಳ ನರಕ್ಕೆ ಬೇರೆ ಬೇರೆ ನೀರುಗಳನ್ನು ಏರಿಸಿ ನೋಡಿದರು. ಉಪ್ಪಿಲ್ಲದ ಶುದ್ಧ ನೀರನ್ನು ಏರಿಸಿದರೆ ಮಿದುಳು ಉಬ್ಬಿ ಬುರುಡೆಯ ರಂಧ್ರದಿಂದ ಹೊರಗೆ ಚಾಚಿತು. ಬಲವಾದ ಉಪ್ಪುನೀರನ್ನು ಏರಿಸಿದರೆ ಅದೇ ಮಿದುಳು ಕುಗ್ಗಿ ಒಳಗೆ ಇಳಿಯಿತು. ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಣಿಕಟ್ಟೆಯ ಉಪ್ಪಿನಲ್ಲಿ ಅಪ್ಪೆಮಿಡಿಯನ್ನು ಹಾಕಿಟ್ಟರೆ ಮಿಡಿಯೊಳಗಿನ ನೀರು ಹೊರಗೆ ಬಂದು ಮಿಡಿಯು ಸುಕ್ಕುಗಟ್ಟುತ್ತದೆ. ಕಡಲೆಯನ್ನು ಬಾವಿಯ ಸಿಹಿನೀರಿನಲ್ಲಿ ನೆನೆಹಾಕಿದರೆ ಅದು ಉಬ್ಬುತ್ತದೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುವದೆಂಬ ದೇವರ ನಿಯಮವು ಭರಣಿಯಲ್ಲಿಯೂ ಒಂದೇ, ಬುರುಡೆಯಲ್ಲಿಯೂ ಒಂದೇ. ಕುಶಿಂಗರೂ ಫೋಲಿ ಎಂಬ ಅವರ ಜೊತೆಗಾರರೂ 1920ರಲ್ಲಿ, ಉಪ್ಪುನೀರನ್ನು ನರಕ್ಕೆ ಏರಿಸದೆ ಕರುಳಿಗೆ ಕೊಟ್ಟರೂ ಬುರುಡೆಯ ಒಳಗಿನ ಒತ್ತಡವು ಬದಲಾಗುವದೆಂದು ತೋರಿಸಿದರು. ಹೀಗೆ ಉಬ್ಬಿದ ಮಿದುಳನ್ನು ಶಸ್ತ್ರವಿಲ್ಲದೆ ಕುಗ್ಗಿಸುವ ಉಪಾಯವು ವೈದ್ಯರ ಕೈಗೆ ಬಂತು.

ರಕ್ತದ ವಿಷಯದಲ್ಲಿಯೂ ಇವರು ಸುಮ್ಮನಿರಲಿಲ್ಲ. ಶಸ್ತ್ರಕ್ರಿಯೆಯಲ್ಲಿ ಸೋರಿದ ರೋಗಿಯ ಸ್ವಂತ ರಕ್ತವನ್ನೇ ಕೂಡಿಸಿ, ಸೋಸಿ, ತಿರುಗಿ ಅವನ ನರಕ್ಕೆ ಏರಿಸಿದ ಅನುಭವವನ್ನು ಇವರೂ ಲಾಯಲ್ ಡೇವಿಸರೂ 1925ರಲ್ಲಿ ಪ್ರಕಟಿಸಿದರು. 1926ರ ಅಕ್ಟೋಬರ್ 1ರಂದು, ಬೋವಿ ಎಂಬ ಪಂಡಿತರು ನಿರ್ಮಿಸಿದ ವಿದ್ಯುತ್ ಯಂತ್ರದಿಂದ ರಕ್ತನಾಳಗಳನ್ನು ಸುಟ್ಟು ಮುಚ್ಚುವ ಕ್ರಮವನ್ನು ಮೊದಲು ಉಪಯೋಗಿಸಿದರು. ಅದಕ್ಕೆ ಮುಂಚೆ ಕೈಬಿಟ್ಟಿದ್ದ ಗೆಡ್ಡೆಗಳನ್ನು ಈಗ ತೆಗೆಯಲು ಸಾಧ್ಯವಾಯಿತು.

ಆ ವರುಷವೇ ಇವರಿಗೆ ಬಹು ದೊಡ್ಡ ದುಃಖವು ಬಂತು. ಜೂನ್ ತಿಂಗಳ ಒಂದು ಬೆಳಿಗ್ಗೆ, ಯೇಲಿನಲ್ಲಿ ಓದುತ್ತಿದ್ದ ಹಿರಿಯ ಮಗ ವಿಲಿಯಂ ಮೋಟಾರಿನ ಅಪಘಾತದಲ್ಲಿ ಸತ್ತನೆಂಬ ಸುದ್ದಿ ಬಂತು. ಹೆಂಡತಿಗೆ ಸುದ್ದಿಯನ್ನು ತಿಳಿಸಿ, ತಮಗಾಗಿ ಕಾದಿದ್ದ ರೋಗಿಯನ್ನು ಕೈಬಿಡದೆ ಆ ದಿನದ ಶಸ್ತ್ರಕ್ರಿಯೆಯನ್ನು ಮುಗಿಸಿದರು. ಇದನ್ನು ಕಲ್ಲೆದೆಯೆಂದು ಕೆಲವರು ಹೇಳಬಹುದು. ತನ್ನ ಮಗನನ್ನು ಕಳಕೊಂಡ ತಂದೆಯು ಬೇರೊಬ್ಬರ ಮಗುವನ್ನು ಉಳಿಸಲು ಕೈಚಾಚಿದನೆಂದು ನಾವು ಎಣಿಸುತ್ತೇವೆ. ಆದರೂ ಇವರನ್ನು ದೋಷವಿಲ್ಲದ ಭಕ್ತರೆಂದು ನಾವು ಚಿತ್ರಿಸುವದಿಲ್ಲ. ಇವರ ನಾಲಿಗೆ ಕಠಿಣ. ಕೈಕೆಳಗಿನ ಎಳೆಯ ವೈದ್ಯರು ಇವರ ಕೋಪಕ್ಕೆ ನಡುಗುತ್ತಿದ್ದರು. ಮನೆಗಿಂತ ಆಸ್ಪತ್ರೆಯಲ್ಲಿಯೇ ಹೆಚ್ಚು ಕಾಲ ಕಳೆದರು. ದೇವರು ಮಣ್ಣಿನ ಪಾತ್ರೆಗಳಲ್ಲಿಯೇ ತನ್ನ ನಿಕ್ಷೇಪವನ್ನು ಇಡುತ್ತಾನಲ್ಲವೇ.

1931ರ ಎಪ್ರಿಲ್ ತಿಂಗಳಲ್ಲಿ ಕುಶಿಂಗರು ಮಿದುಳಿನ ಗೆಡ್ಡೆಗಳ ತಮ್ಮ ಎಣಿಕೆಯಲ್ಲಿ ಎರಡು ಸಾವಿರನೆಯ ರೋಗಿಗೆ ಶಸ್ತ್ರಕ್ರಿಯೆಯನ್ನು ಮಾಡಿದರು. ಯುದ್ಧಕಾಲದಲ್ಲಿ ಹಿಡಿದ ಕಾಲುಗಳ ರೋಗವು ಇವರನ್ನು ಬಹಳವಾಗಿ ಪೀಡಿಸಿತು. 1932ರಲ್ಲಿ ಬಾಸ್ಟನ್ನನ್ನು ಬಿಟ್ಟು, ಮರುವರುಷ ತಾವು ಓದಿದ ಯೇಲಿಗೆ ತಿರುಗಿ ಬಂದು, 1939ರ ಅಕ್ಟೋಬರ್ 7ರಂದು ತೀರಿಕೊಂಡರು. ಮರಣದ ತರುವಾಯ ನೋಡಲಾಗಿ ಇವರ ಸ್ವಂತ ಮಿದುಳಿನಲ್ಲಿಯೂ ಒಂದು ಚಿಕ್ಕ ಗೆಡ್ಡೆ ಇತ್ತು. ಅದು ಇವರಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ.

ಇವರ ವಿದ್ಯೆಯು ಇವರೊಂದಿಗೆ ಸಾಯಲಿಲ್ಲ. 1918ರಲ್ಲಿ ಇವರ ಕೈಕೆಳಗೆ ಕೆಲಸಮಾಡಿದ ವೈಲ್ಡರ್ ಪೆನ್‌ಫೀಲ್ಡರು ಮುಂದೆ ಕೆನಡಾ ದೇಶದ ಮಾಂಟ್ರಿಯಲಿನಲ್ಲಿ ಮಿದುಳಿನ ದೊಡ್ಡ ಆಸ್ಪತ್ರೆಯನ್ನು ಸ್ಥಾಪಿಸಿದರು. ಅವರ ಬಳಿ ಕಲಿತ ಜೇಕಬ್ ಚಾಂಡಿ ಎಂಬ ಮಲೆಯಾಳ ದೇಶದ ಕ್ರೈಸ್ತ ವೈದ್ಯರು 1949ರಲ್ಲಿ ವೆಲ್ಲೂರಿನ ಮಿಶನ್ ಆಸ್ಪತ್ರೆಗೆ ಬಂದು, ಭಾರತದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗಾಗಿಯೇ ಮೊದಲನೆಯ ವಿಭಾಗವನ್ನು ಆರಂಭಿಸಿದರು. ನಮ್ಮ ರಾಜ್ಯದ ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರನ್ನು ಹೊಂದಿ, ಇಂದು ಮಿದುಳಿನ ರೋಗಿಗಳಿಗೆ ದೊಡ್ಡ ಆಶ್ರಯವಾಗಿದೆ.

ನೀರಿನ ಅಳತೆಯ ಜ್ಞಾನವೂ ಬೆಳೆದಿದೆ. ಮಿದುಳಿನ ರೋಗಿಯನ್ನು ನೀರು ಕೊಡದೆ ಒಣಗಿಸಿಡಬೇಕೆಂದು ಬಹುಕಾಲ ನಂಬಿದ್ದರು. ಹಾಗೆ ಮಾಡಿದರೆ ರಕ್ತದೊತ್ತಡವು ಕುಸಿದು ಮಿದುಳಿಗೆ ರಕ್ತವೇ ಮುಟ್ಟದೆ ಹೋಗುವದೆಂದು ಈಗ ತಿಳಿದಿದೆ. ಅತಿಯೂ ತಪ್ಪು, ಕೊರತೆಯೂ ತಪ್ಪು. ಸಾಮಾನ್ಯವಾಗಿ ಲೀಟರಿಗೆ 9 ಗ್ರಾಂ ಉಪ್ಪಿರುವ ಸಲೈನನ್ನು ಏರಿಸುತ್ತಾರೆ. ಯಾಕಂದರೆ ಅದು ರಕ್ತದ ಸಾರಕ್ಕೆ ಹತ್ತಿರವಾಗಿದ್ದು ಮಿದುಳನ್ನು ಉಬ್ಬಿಸುವದಿಲ್ಲ. ಗ್ಲೂಕೋಸ್ ನೀರಾದರೋ ಹಾಗಲ್ಲ. ಅದರ ಸಕ್ಕರೆಯನ್ನು ಶರೀರವು ಬೇಗನೆ ಉಪಯೋಗಿಸಿಕೊಂಡ ಮೇಲೆ ಉಳಿಯುವದು ಬರಿಯ ಸಪ್ಪೆ ನೀರು. ಅದು ಗಾಯಗೊಂಡ ಮಿದುಳಿಗೆ ಇಳಿದು ಅದನ್ನು ಉಬ್ಬಿಸುತ್ತದೆ. ಆದಕಾರಣ ರಕ್ತದಲ್ಲಿ ಸಕ್ಕರೆ ತೀರ ಕಡಿಮೆಯಾಗಿದ್ದ ಹೊರತು ಅದನ್ನು ಇಂಥ ರೋಗಿಗೆ ಕೊಡುವದಿಲ್ಲ. ಉಬ್ಬಿದ ಮಿದುಳನ್ನು ಕುಗ್ಗಿಸಲು 1960ರ ದಶಕದಿಂದ ಮ್ಯಾನಿಟಾಲ್ ಎಂಬ ಔಷಧವೂ, ಕೆಲವೊಮ್ಮೆ ಬಲವಾದ ಉಪ್ಪುನೀರೂ ಉಪಯೋಗವಾಗುತ್ತಿದೆ. ಮ್ಯಾನಿಟಾಲ್ ಶರೀರದ ನೀರನ್ನು ಮೂತ್ರವಾಗಿ ಹೊರಡಿಸುವದರಿಂದ, ಶಸ್ತ್ರಕ್ರಿಯೆಯ ಕಾಲದಲ್ಲಿ ಮೂತ್ರವನ್ನು ಗಂಟೆಗಂಟೆಗೂ ಅಳೆದು, ರಕ್ತದ ಉಪ್ಪನ್ನು ಪರೀಕ್ಷಿಸಿ, ಹೋದದ್ದನ್ನು ತುಂಬಿಕೊಡುತ್ತಾರೆ. ಪ್ರಜ್ಞೆ ತಪ್ಪಿಸುವ ವೈದ್ಯರು ರೋಗಿಯ ತಲೆಯ ಬಳಿ ಕೂತು ಬರೆಯುವ ಆ ಪಟ್ಟಿಯು, ಶೋಕಪಟ್ಟ ಆ ವಿದ್ಯಾರ್ಥಿಯು ಬಾಸ್ಟನ್ನಿನಲ್ಲಿ ಆರಂಭಿಸಿದ ಕಾಗದದ ಸಂತತಿಯೇ.

ಸಹೋದರರೇ, ಸಹೋದರಿಯರೇ, ಈ ಚರಿತ್ರೆಯಿಂದ ನಾವು ಮನೆಗೆ ಒಯ್ಯಬೇಕಾದ ಬುದ್ಧಿಯೇನು? ಯಾರಿಗಾದರೂ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರನ್ನಾಗಲಿ ಕಾಫಿಯನ್ನಾಗಲಿ ಹೊಯ್ಯಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದು ಕೊಲ್ಲಬಹುದು. ಕುತ್ತಿಗೆಯು ತಿರುಚದಂತೆ ಹಿಡಿಯಿರಿ. ವಾಂತಿಯಾದರೆ ತಲೆಯನ್ನೂ ಮೈಯನ್ನೂ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿರಿ. ಸುರಿಯುವ ರಕ್ತವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ನಿಲ್ಲಿಸಿರಿ. ದಾರಿಯಲ್ಲಿ ಬಾಟಲಿ ಹಾಕಿಸುವದಕ್ಕಾಗಿ ಹೊತ್ತು ಕಳೆಯಬೇಡಿರಿ. ಮಣಿಪಾಲವಾಗಲಿ ಮಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಮಿದುಳಿನ ವೈದ್ಯರಿರುವಲ್ಲಿಗೆ ಬೇಗನೆ ಮುಟ್ಟಿಸಿರಿ. ಜೊತೆಗೆ ಹೋಗುವವರಲ್ಲಿ ಓದು ಬಲ್ಲವನೊಬ್ಬನು, ಎಷ್ಟು ಗಂಟೆಗೆ ಬಿದ್ದನು, ಯಾವಾಗ ಮಾತು ನಿಂತಿತು, ಎಷ್ಟು ಸಾರಿ ವಾಂತಿಯಾಯಿತು ಎಂಬದನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಆ ಚೀಟಿಯು ವೈದ್ಯರಿಗೆ ಬಹಳ ಉಪಯೋಗವಾಗುವದು. ಆದರೆ ರಕ್ತ ಬಹಳ ಹೋದವನಿಗೆ ವೈದ್ಯರು ತಾವಾಗಿಯೇ ಸಲೈನ್ ಏರಿಸಬೇಕೆಂದರೆ ಹೆದರಿ ತಡೆಯಬೇಡಿರಿ. ಅಳತೆಯನ್ನು ಬಲ್ಲವರಿಗೆ ಅಳತೆಯನ್ನು ಬಿಟ್ಟುಕೊಡಿರಿ.

ನ್ಯಾಯವಾದ ತಕ್ಕಡಿಯು ಕರ್ತನಿಗೆ ಮೆಚ್ಚಿಕೆಯಾದದ್ದೆಂದು ಸಂತೆಯ ವ್ಯಾಪಾರಕ್ಕಾಗಿ ಮಾತ್ರ ಹೇಳಿದ್ದಲ್ಲ. ನಾವು ಮಾಡುವ ಉಪಕಾರಕ್ಕೂ ಆ ತಕ್ಕಡಿ ಬೇಕು. ಗಾಯಾಳುವಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ ಸಮಾರ್ಯದವನು ಅವನನ್ನು ದಾರಿಯಲ್ಲಿಯೇ ಬಿಡದೆ, ಆರೈಕೆ ಸಿಕ್ಕುವ ಸ್ಥಳಕ್ಕೆ ಕರಕೊಂಡು ಹೋದನು. ಕರುಣೆಯೂ ವಿವೇಕವೂ ಹಾಗೆ ಜೊತೆಯಾಗಿ ನಡೆಯುವಂತೆ, ಎಲ್ಲಾ ವೈದ್ಯರಿಗೂ ವೈದ್ಯನಾಗಿರುವ ನಮ್ಮ ಕರ್ತನು ನಮಗೆಲ್ಲರಿಗೂ ಕೃಪೆಯನ್ನು ದಯಪಾಲಿಸಲಿ.